ಮನೆಯೊಳಗೆ ಮಳೆ, ನೆಲ ಒದ್ದೆಯಿಲ್ಲ: ಮಕ್ಕಳ ಕೈಲಿ ರೂಪಕ ಬರೆಸುವುದು ಹೇಗೆ?

ಪ್ರಶ್ನೆ: ಶಿಡ್ಲಘಟ್ಟ ಕಡೆಯ ಹಳ್ಳಿ ಶಾಲೆಯೊಂದರಲ್ಲಿ ಆರು, ಏಳನೇ ತರಗತಿಗೆ ಕನ್ನಡ ಕಲಿಸುತ್ತೇನೆ. ಉಪಮೆ, ರೂಪಕ ಎರಡನ್ನೂ ಉದಾಹರಣೆ ಕೊಟ್ಟು ಹೇಳಿದ್ದೇನೆ. ಗುರುತಿಸಿ ಎಂದರೆ ಗುರುತಿಸುತ್ತಾರೆ. ಸ್ವಂತವಾಗಿ ಒಂದು ಬರೆಯಿರಿ ಎಂದರೆ ಮುಕ್ಕಾಲು ಪಾಲು ಮಕ್ಕಳು ‘ಅಮ್ಮ ದೇವರು’ ಎಂದು ಬರೆಯುತ್ತಾರೆ. ಉಳಿದವರು ‘ನನ್ನ ತಂಗಿ ಗುಲಾಬಿ ಹೂವು’. ಇದನ್ನು ಕಲಿಸಲು ಆಗುತ್ತದೆಯೇ, ಇಲ್ಲ ಹುಟ್ಟಿನಿಂದಲೇ ಬರಬೇಕೇ?

ಉತ್ತರ: ಹುಟ್ಟಿನಿಂದಲೇ ಬರಬೇಕು ಎನ್ನುವವರಲ್ಲಿ ದೊಡ್ಡವರೇ ಇದ್ದಾರೆ ಮೇಡಂ. ಗ್ರೀಸಿನ ಅರಿಸ್ಟಾಟಲ್ ಕಾವ್ಯದ ಬಗ್ಗೆ ಬರೆಯುತ್ತಾ, ರೂಪಕ ಕಟ್ಟುವುದೊಂದನ್ನು ಮಾತ್ರ ಬೇರೆಯವರಿಂದ ಕಲಿಯಲಾಗದು ಎಂದ. ಕಾರಣವನ್ನೂ ಅವನೇ ಕೊಟ್ಟ. ಒಳ್ಳೆಯ ರೂಪಕ ಎಂದರೆ ಹೋಲಿಕೆಯನ್ನು ಕಾಣುವ ಕಣ್ಣು. ಸರಿ, ಕಣ್ಣು ಕೊಡಲು ನಮ್ಮ ಕೈಲಿ ಆಗದು. ಎಲ್ಲಿ ನೋಡಬೇಕು ಅಂತ ತೋರಿಸಬಹುದು ಅಲ್ವಾ? ನಾನು ಇಷ್ಟು ವರ್ಷ ಮಾಡಿದ್ದು ಅಷ್ಟೇ ಕೆಲಸ.

‘ಅಮ್ಮ ದೇವರು’ ನಿಮ್ಮ ಶಾಲೆಯ ಸೊತ್ತೇನೂ ಅಲ್ಲ. ನಾನು ಹೋದ ಕಡೆಯೆಲ್ಲ ಈ ಸಾಲು ನನಗಿಂತ ಮುಂಚೆಯೇ ಬಂದು ಕೂತಿರುತ್ತದೆ. ಬೆಂಗಳೂರಿನ ದೊಡ್ಡ ಶಾಲೆಯಲ್ಲೂ ಇದೇ, ಅಲ್ಲಿ ಅಕ್ಷರ ಸ್ವಲ್ಪ ದುಂಡಗಿರುತ್ತದೆ ಅಷ್ಟೇ. ಮಕ್ಕಳಿಗೆ ಕಲ್ಪನೆ ಸಾಲದು ಎಂದು ನಾನು ಒಪ್ಪುವುದಿಲ್ಲ. ನಾವು ಕಲಿಸುವ ರೀತಿ ನೋಡಿ. ‘ಸೀತೆಯ ಮುಖ ಕಮಲದಂತೆ ಅರಳಿತು’ ಎಂದರೆ ಉಪಮೆ. ‘ಸೀತೆಯ ಮುಖಕಮಲ ಅರಳಿತು’ ಎಂದರೆ ರೂಪಕ. ‘ಭೀಮ ದುರ್ಯೋಧನರು ಮದಗಜಗಳಂತೆ ಹೋರಾಡಿದರು.’ ನಾನೂ ಇದನ್ನೇ ಓದಿದೆ, ನೀವೂ ಓದಿರುತ್ತೀರಿ. ಉಪಮೇಯ (ಯಾವುದನ್ನು ಹೋಲಿಸುತ್ತೇವೋ ಅದು), ಉಪಮಾನ (ಯಾವುದಕ್ಕೆ ಹೋಲಿಸುತ್ತೇವೋ ಅದು), ವಾಚಕ ಪದ (‘ಅಂತೆ’ ಥರದ್ದು), ಸಮಾನ ಧರ್ಮ (ಎರಡಕ್ಕೂ ಇರುವ ಗುಣ) ಅಂತ ನಾಲ್ಕು ತುಂಡು ಮಾಡಿ ಸಮನ್ವಯ ಬರೆದರೆ ಅಂಕ ಬಂತು. ಇದು ಸಾರಿನ ರುಚಿ ನೋಡಿ ಏನೇನು ಹಾಕಿದ್ದಾರೆ ಅಂತ ಹೇಳುವ ಕೆಲಸ. ಸಾರು ಮಾಡುವುದು ಬೇರೆ ಕೆಲಸ. ನಿಮ್ಮ ತರಗತಿಯಲ್ಲಿ ಎಷ್ಟು ಮಕ್ಕಳು ಕಮಲ ಅರಳುವುದನ್ನು ನೋಡಿದ್ದಾರೆ? ಮದಗಜದ ಮಾತು ಬಿಡಿ. ನೋಡದ ವಸ್ತುವನ್ನು ಉಪಮಾನ ಮಾಡು ಎಂದರೆ ಮಗು ಎಲ್ಲೋ ಕೇಳಿದ್ದನ್ನೇ ಬರೆಯುತ್ತದೆ.

ಕನ್ನಡದಲ್ಲಿ ಇನ್ನೊಂದು ತೊಡಕಿದೆ. ನಮ್ಮ ಭಾಷೆಯಲ್ಲಿ ಎರಡು ನಾಮಪದ ಪಕ್ಕಪಕ್ಕ ಇಟ್ಟರೆ ವಾಕ್ಯ ಆಗಿಹೋಯಿತು. ‘ಅಪ್ಪ ಮೇಷ್ಟ್ರು.’ ‘ಅಪ್ಪ ಆಲದ ಮರ.’ ನಡುವೆ ಕ್ರಿಯಾಪದವೇ ಬೇಡ. ಹಾಗಾಗಿ ರೂಪಕ ಬರೆಯುವುದು ಮಗುವಿಗೆ ಎರಡು ಪದ ಜೋಡಿಸುವ ಆಟವಾಗುತ್ತದೆ. ಆಲದ ಮರ ಏನು ಮಾಡುತ್ತೆ, ಅಪ್ಪ ಏನು ಮಾಡುತ್ತಾರೆ ಎಂದು ಯೋಚಿಸುವ ಅಗತ್ಯವೇ ಬೀಳುವುದಿಲ್ಲ. ಈ ಸುಲಭದ ದಾರಿಯನ್ನು ಸ್ವಲ್ಪ ದಿನ ಮುಚ್ಚಬೇಕು. ಹೇಗೆ ಅಂತ ಮುಂದೆ ಹೇಳುತ್ತೇನೆ. ಮೊದಲು ನನ್ನ ಒಂದು ತಪ್ಪಿನ ಕಥೆ.

ಕೆಲವು ವರ್ಷದ ಹಿಂದೆ ರಾಮನಗರ ಕಡೆಯ ಶಾಲೆಯೊಂದಕ್ಕೆ ಎರಡು ದಿನದ ಬರವಣಿಗೆ ಶಿಬಿರಕ್ಕೆ ಹೋಗಿದ್ದೆ. ಅದೂ ನಿಮ್ಮೂರಿನ ಹಾಗೆ ರೇಷ್ಮೆ ಸೀಮೆ. ಮನೆಯಲ್ಲಿ ಒಬ್ಬರ ಬಗ್ಗೆ ಒಂದೇ ಒಂದು ಸಾಲು ಬರೆಯಿರಿ, ಅದರಲ್ಲಿ ರೂಪಕ ಇರಲಿ ಎಂದೆ. ಮಾತು ಕಡಿಮೆಯ ಒಬ್ಬ ಹುಡುಗ ಬರೆದ ಚೀಟಿ ಹೀಗಿತ್ತು: ‘ನಮ್ಮ ತಾತನಿಗೆ ನಾಲ್ಕನೇ ಜ್ವರ.’ ನಾನು ಕೆಂಪು ಪೆನ್ನು ತೆಗೆದು ‘ಇದು ಸುದ್ದಿ, ರೂಪಕ ಎಲ್ಲಿ?’ ಅಂತ ಗೀಚಿದೆ. ಪಕ್ಕದ ಹುಡುಗಿ ಬಗ್ಗಿ ನೋಡಿ ನಕ್ಕಳು. ‘ಸಾರ್, ಅದು ಮನುಷ್ಯರ ಜ್ವರ ಅಲ್ಲ, ಹುಳೀನ ಜ್ವರ’ ಎಂದಳು.

ನಿಮಗೆ ಗೊತ್ತಿರುತ್ತದೆ, ಬೇರೆ ಓದುಗರಿಗಾಗಿ ಹೇಳುತ್ತೇನೆ. ರೇಷ್ಮೆ ಹುಳು ಗೂಡು ಕಟ್ಟುವುದರೊಳಗೆ ನಾಲ್ಕು ಸಲ ಪೊರೆ ಬಿಡುತ್ತದೆ. ಪ್ರತಿ ಸಲವೂ ಅದಕ್ಕೆ ಮೊದಲು ಸುಮಾರು ಒಂದು ದಿನ ಸೊಪ್ಪು ಮುಟ್ಟುವುದಿಲ್ಲ. ತಲೆ ಮೇಲೆತ್ತಿ, ಅಲ್ಲಾಡದೆ ಕೂರುತ್ತದೆ. ಸಾಕುವವರು ಇದಕ್ಕೆ ಜ್ವರ ಎನ್ನುತ್ತಾರೆ. ಆ ಹುಡುಗನ ಅಜ್ಜಿ ತೀರಿಕೊಂಡು ಎರಡು ತಿಂಗಳಾಗಿತ್ತಂತೆ. ತಾತ ಗೋಡೆಗೆ ಒರಗಿ, ತಲೆ ಎತ್ತಿ ಸೂರು ನೋಡುತ್ತಾ ಕೂತಿರುತ್ತಿದ್ದರಂತೆ. ತಟ್ಟೆ ಮುಂದೆ ಇಟ್ಟರೂ ಮುಟ್ಟುತ್ತಿರಲಿಲ್ಲ. ‘ನಾಲ್ಕನೇದು ಯಾಕಪ್ಪಾ?’ ಅಂತ ಕೇಳಿದೆ. ‘ಅದೇ ಕೊನೇದು ಸಾರ್. ಅದಾದ್ಮೇಲೆ ಎದ್ದು ತುಂಬಾ ತಿಂತವೆ’ ಎಂದ.

ನಾನು ಕೆಂಪು ಗೀಟು ಎಳೆದ ಸಾಲು ಅದು. ಆ ಶಿಬಿರದಲ್ಲಿ ಬಂದ ಸಾಲುಗಳಲ್ಲೆಲ್ಲ ಅದೇ ಮೇಲು. ‘ತಾತನಿಗೆ ತುಂಬಾ ದುಃಖ’ ಎಂದು ಬರೆದಿದ್ದರೆ ನನಗೆ ಏನೂ ಕಾಣುತ್ತಿರಲಿಲ್ಲ. ಈಗ ಎತ್ತಿದ ಆ ತಲೆ ಕಾಣುತ್ತದೆ. ‘ಜ್ವರ’ ಅಂತಷ್ಟೇ ಇದ್ದಿದ್ದರೆ ಅರ್ಧ ಆಗುತ್ತಿತ್ತು, ‘ನಾಲ್ಕನೇ’ ಎನ್ನುವ ಒಂದು ಪದದಲ್ಲಿ ತಾತ ಎದ್ದೇಳುತ್ತಾರೆ ಎನ್ನುವ ಆಸೆಯೂ ಬಂದುಬಿಟ್ಟಿತು. ಆ ಆಸೆಯನ್ನು ಬಿಡಿಸಿ ಹೇಳುವ ಗೋಜಿಗೇ ಅವನು ಹೋಗಲಿಲ್ಲ.

ಅವತ್ತಿನಿಂದ ಯಾವ ಊರಿಗೆ ಹೋದರೂ ಮೊದಲು ಅಲ್ಲಿನ ಕಸುಬಿನ ಮಾತು ಕೇಳಿಕೊಳ್ಳುತ್ತೇನೆ. ನಿಮ್ಮ ಕಡೆ ಇದು ದಂಡಿಯಾಗಿ ಸಿಗುತ್ತದೆ. ಹುಳು ‘ಹಣ್ಣಾಯ್ತು’ ಅನ್ನುತ್ತಾರೆ, ಅಂದರೆ ಗೂಡು ಕಟ್ಟಲು ತಯಾರಾಯಿತು. ಬಿಳುಪಾಗಿ ಗಟ್ಟಿಯಾಗಿ ಸತ್ತ ಹುಳಕ್ಕೆ ‘ಸುಣ್ಣಕಟ್ಟು’. ಹಣ್ಣಾದ ಹುಳು ಬಿಡುವುದು ಚಂದ್ರಂಕಿಗೆ, ಅಂದರೆ ಗೂಡು ಕಟ್ಟಿಸುವ ಬಿದಿರಿನ ತಟ್ಟಿಗೆ. ಹೆಸರಲ್ಲೇ ಚಂದ್ರ ಕೂತಿದ್ದಾನೆ. ಇವೆಲ್ಲ ಯಾವತ್ತೋ ಯಾರೋ ಸೊಪ್ಪು ಹಾಕುವಾಗ ಕಂಡ ಹೋಲಿಕೆಗಳು. ಈಗ ಬಳಸಿ ಬಳಸಿ ಸವೆದಿವೆ. ಮಕ್ಕಳಿಗೆ ಅವು ಹೋಲಿಕೆ ಅಂತಲೇ ಗೊತ್ತಿರುವುದಿಲ್ಲ. ಹಾಗೆ ನೋಡಿದರೆ ಮನೆ ತುಂಬ ಇಂಥವೇ. ಗಡಿಯಾರದ ಮುಳ್ಳು, ಬಾಚಣಿಗೆಯ ಹಲ್ಲು, ಸೂಜಿಯ ಕಣ್ಣು, ತೆಂಗಿನಕಾಯಿಯ ಜುಟ್ಟು. ಒಂದು ದಿನ ಇವನ್ನು ಸುಮ್ನೆ ಕೂಡಿಹಾಕಲು ಹೇಳಿ. ಗಡಿಯಾರದಲ್ಲಿ ಯಾಕೆ ಮುಳ್ಳಿದೆ ಅಂತ ಒಂದು ಮಗು ಬೆರಗಾದರೆ ಸಾಕು, ಪಾಠ ಶುರುವಾಯಿತು. ರೂಪಕ ಅನ್ನುವ ಪದವನ್ನು ಇನ್ನೂ ಬಾಯಿ ಬಿಡಬೇಡಿ.

ಮುಂದಿನ ಮೆಟ್ಟಿಲು ಒಗಟು. ಅಲಂಕಾರ ಕಲಿಸಲು ಇದಕ್ಕಿಂತ ಒಳ್ಳೆಯ ಸಾಧನ ನನಗೆ ಸಿಕ್ಕಿಲ್ಲ. ‘ಹಸಿರು ಗಿಡದ ಮೇಲೆ ಮೊಸರು ಚೆಲ್ಲಿದೆ’ ಎಂದರೆ ಮಲ್ಲಿಗೆ. ‘ಸುತ್ತಮುತ್ತ ಸುಣ್ಣದ ಗೋಡೆ, ಎತ್ತ ನೋಡಿದರೂ ಬಾಗಿಲಿಲ್ಲ’ ಎಂದರೆ ಮೊಟ್ಟೆ. ಒಗಟು ಎಂದರೆ ಉಪಮೇಯವನ್ನು ಬಚ್ಚಿಟ್ಟ ರೂಪಕ, ಬೇರೇನಲ್ಲ. ಅದರಲ್ಲಿ ಒಂದು ನ್ಯಾಯ ಇದೆ. ಸುಳಿವು ಸಾಲದಿದ್ದರೆ ಯಾರೂ ಬಿಡಿಸಲಾರರು. ಜಾಸ್ತಿಯಾದರೆ ಆಟ ಕೆಟ್ಟಿತು. ಹಾಗಾಗಿ ಮಗು ತಾನೇ ವಸ್ತುವನ್ನು ನೋಡಲೇಬೇಕಾಗುತ್ತದೆ. ಮೊಟ್ಟೆಯ ಒಗಟಿನಲ್ಲಿ ‘ಬಾಗಿಲಿಲ್ಲ’ ಎನ್ನುವುದೇ ಜೀವ ನೋಡಿ. ಸುಣ್ಣದ ಗೋಡೆ ಯಾವ ಮನೆಗೂ ಇರುತ್ತದೆ. ಬಾಗಿಲಿಲ್ಲದ ಮನೆ ಮೊಟ್ಟೆಯೊಂದೇ.

ಹಳೆಯ ಒಗಟು ಹತ್ತು ಹೇಳಿಸಿದ ಮೇಲೆ ಹೊಸದು ಕಟ್ಟಿಸಿ. ಅದಕ್ಕೆ ಕಚ್ಚಾ ಸಾಮಾನು ಬೇಕು. ಮನೆಯಲ್ಲಿರುವ ಒಂದು ವಸ್ತುವನ್ನು ಹತ್ತು ನಿಮಿಷ ನೋಡಿ, ಅದು ಏನೇನು ಮಾಡುತ್ತೆ ಅಂತ ಬರೆದುಕೊಂಡು ಬನ್ನಿ ಅನ್ನಿ. ಹೇಗಿದೆ ಅಂತ ಬೇಡ. ಹೇಗಿದೆ ಎಂದರೆ ಬಣ್ಣ ಬರುತ್ತದೆ, ಆಕಾರ ಬರುತ್ತದೆ, ಕೊನೆಗೆ ‘ಸುಂದರವಾಗಿದೆ’ ಬರುತ್ತದೆ. ಏನು ಮಾಡುತ್ತೆ ಎಂದರೆ ಸದ್ದು, ಚಲನೆ, ಸ್ವಭಾವ ಬರುತ್ತವೆ. ಅದೇ ಶಿಬಿರದಲ್ಲಿ ಒಬ್ಬ ಹುಡುಗಿ ಹುಳು ಸಾಕುವ ಕೋಣೆಯ ಬಗ್ಗೆ ಬರೆದುಕೊಂಡು ಬಂದಳು. ನಾಲ್ಕನೇ ಜ್ವರ ಎದ್ದ ಹುಳುಗಳು ರಾತ್ರಿಯೆಲ್ಲ ಸೊಪ್ಪು ತಿನ್ನುವ ಸದ್ದು ಹಂಚಿನ ಮೇಲೆ ಜಿನುಗು ಮಳೆ ಬಿದ್ದ ಹಾಗೆ ಕೇಳುತ್ತದೆ. ಅವಳ ಮೊದಲ ಸಾಲು ‘ಹುಳುಗಳು ಮಳೆಯಂತೆ ಸದ್ದು ಮಾಡುತ್ತವೆ’ ಎಂದಿತ್ತು. ತಪ್ಪಿಲ್ಲ, ಆದರೆ ಸಪ್ಪೆ. ಇದನ್ನು ಒಗಟು ಮಾಡು, ಹುಳು ಅನ್ನುವ ಪದ ಬರಕೂಡದು ಎಂದೆ. ಅರ್ಧ ಗಂಟೆ ಪೆನ್ಸಿಲ್ ಕಚ್ಚಿ ಬರೆದಳು: ‘ಮನೆಯೊಳಗೆ ಮಳೆ, ನೆಲ ಒದ್ದೆಯಿಲ್ಲ.’ ಈ ಉತ್ತರದ ತಲೆಬರಹ ಅವಳದೇ.

ಒಗಟಿನಲ್ಲಿ ಉಪಮೇಯ ಬಚ್ಚಿಟ್ಟೆವು. ಈಗ ತಿರುಗಿಸಿ, ಉಪಮಾನವನ್ನು ಬಚ್ಚಿಡಿಸಿ. ಮೇಲೆ ಹೇಳಿದ ಸುಲಭದ ದಾರಿ ಮುಚ್ಚುವುದು ಇಲ್ಲೇ. ತರಗತಿಯ ನಿಯಮ ಇಷ್ಟೇ: ಉಪಮಾನದ ಹೆಸರು ಹೇಳಬಾರದು, ಅದರ ಕ್ರಿಯಾಪದವನ್ನು ಮಾತ್ರ ಸಾಲ ತರಬೇಕು. ‘ಬಸ್ಸು ಆನೆ’ ಬೇಡ. ‘ನಮ್ಮೂರ ಬಸ್ಸು ಕಿವಿ ಬೀಸುತ್ತಾ ಬಂತು’ ಆಗಬಹುದು, ಬಾಗಿಲು ಸಡಿಲವಾಗಿ ಬಡಿದುಕೊಳ್ಳುವ ಬಸ್ಸು ಕಣ್ಣಿಗೆ ಬಂತು. ಇದು ಕನ್ನಡದ ಜಾಯಮಾನಕ್ಕೂ ಒಗ್ಗುತ್ತದೆ. ನಮ್ಮ ಆಡುಮಾತಿನ ರೂಪಕಗಳು ಬಹುಪಾಲು ಕ್ರಿಯಾಪದದಲ್ಲೇ ಇರುವುದು. ನಿದ್ದೆ ಎಳೆಯುತ್ತದೆ. ಹೊಟ್ಟೆ ಉರಿಯುತ್ತದೆ. ಒಬ್ಬ ತಲೆ ತಿನ್ನುತ್ತಾನೆ. ಮಳೆ ಹಿಡಿದುಕೊಳ್ಳುತ್ತದೆ, ಬಿಡುವುದೇ ಇಲ್ಲ. ‘ಮುಖಕಮಲ’ದಂಥ ಸಮಾಸ ಪುಸ್ತಕದಿಂದ ಬಂದದ್ದು. ‘ನಿದ್ದೆ ಎಳೆಯುತ್ತದೆ’ ಥರದವು ಮಕ್ಕಳ ಬಾಯಲ್ಲಿ ಆಗಲೇ ಇವೆ.

ಈಗ ನಿಮ್ಮ ಗುಲಾಬಿ ಹೂವಿಗೆ ಬರೋಣ. ‘ನನ್ನ ತಂಗಿ ಗುಲಾಬಿ ಹೂವು’ ಎಂದು ಬರೆದ ಹುಡುಗಿಗೆ ಇದು ಚೆನ್ನಾಗಿಲ್ಲ ಎಂದು ಹೇಳಬೇಡಿ. ಪಾಪ, ಪ್ರೀತಿಯಿಂದ ಬರೆದಿರುತ್ತಾಳೆ. ಪಕ್ಕ ಕೂತು ಕೇಳಿ. ನಾನು ಒಮ್ಮೆ ಕೇಳಿದ್ದು ಹೀಗೆ. ‘ಬೆಳಿಗ್ಗೆ ನೀನು ಶಾಲೆಗೆ ಹೊರಟಾಗ ತಂಗಿ ಏನು ಮಾಡ್ತಾಳೆ?’ ‘ಲಂಗ ಹಿಡ್ಕೊಳ್ತಾಳೆ. ಬಿಡಲ್ಲ.’ ‘ದಾರೀಲಿ ಬರುವಾಗ ಲಂಗಕ್ಕೆ ಅಂಟಿಕೊಂಡು ಬಿಡದೇ ಇರೋದು ಇನ್ನೇನಿದೆ?’ ಅವಳು ಬಗ್ಗಿ ತನ್ನ ಲಂಗದ ಅಂಚು ನೋಡಿಕೊಂಡಳು. ಅಲ್ಲಿ ಎರಡು ಉತ್ತರಾಣಿ ಕಾಳು ಅಂಟಿಕೊಂಡಿದ್ದವು. ಕೊನೆಗೆ ಬರೆದದ್ದು: ‘ನನ್ನ ತಂಗಿ ಉತ್ತರಾಣಿ. ಕಿತ್ತರೂ ಶಾಲೆ ತನಕ ಬರ್ತಾಳೆ.’ ಗುಲಾಬಿ ಯಾರ ತಂಗಿಗೂ ಆಗುತ್ತದೆ. ಉತ್ತರಾಣಿ ಇವಳ ತಂಗಿಗೆ ಮಾತ್ರ. ಇದನ್ನೇ ಪರೀಕ್ಷೆಯ ಹಾಗೆ ಬಳಸಿ. ಪಕ್ಕದವಳ ತಂಗಿಯ ಹೆಸರು ಹಾಕಿದರೂ ಸಾಲು ಹಾಗೇ ನಿಂತರೆ ಅದು ಇನ್ನೂ ಅವಳದಾಗಿಲ್ಲ.

ನಗರದ ಮಕ್ಕಳಿಗೆ ಉತ್ತರಾಣಿ ಗೊತ್ತಿರುವುದಿಲ್ಲ, ಅದಕ್ಕೆ ಕೊರಗುವುದೂ ಬೇಡ. ‘ನಮ್ಮಜ್ಜಿ ಮನೆಯ ವೈಫೈ, ಅವರು ಊರಿಗೆ ಹೋದರೆ ಯಾರೂ ಯಾರಿಗೂ ಸಿಗಲ್ಲ’ ಎಂದು ಬರೆದ ಹುಡುಗನಿಗೆ ನಾನು ಚಪ್ಪಾಳೆ ತಟ್ಟಿದ್ದೇನೆ. ಕೆಲವು ಹಿರಿಯ ಶಿಕ್ಷಕರು ಮುಖ ಸಿಂಡರಿಸಿದರು. ಅಜ್ಜಿಯನ್ನು ಯಂತ್ರಕ್ಕೆ ಹೋಲಿಸಬಹುದೇ? ತಾತನನ್ನು ಹುಳಕ್ಕೆ? ಇಂಥ ಪ್ರಶ್ನೆ ನಿಮಗೂ ಬಂದೇ ಬರುತ್ತದೆ. ಆಗ ಸಂಸ್ಕೃತದಲ್ಲಿ ಅಲಂಕಾರಶಾಸ್ತ್ರ ಬರೆದ ದಂಡಿಯನ್ನು ನೆನಪಿಸಿ. ಸುಮಾರು ಕ್ರಿ.ಶ. 850ರ ‘ಕವಿರಾಜಮಾರ್ಗ’ ಅಲಂಕಾರದ ವಿಚಾರದಲ್ಲಿ ಬಹುಮಟ್ಟಿಗೆ ಹಿಂಬಾಲಿಸುವುದು ಅವನ ‘ಕಾವ್ಯಾದರ್ಶ’ವನ್ನು. ಅವನು ಉಪಮೆಯೊಂದಕ್ಕೇ ಮೂವತ್ತಕ್ಕೂ ಹೆಚ್ಚು ಬಗೆ ಪಟ್ಟಿ ಮಾಡಿದ ಶಿಸ್ತಿನ ಮನುಷ್ಯ. ಅವನೇ ಹೇಳುತ್ತಾನೆ: ಲಿಂಗ, ವಚನ ಹೊಂದದಿದ್ದರೂ, ಉಪಮಾನ ಕೀಳಾದರೂ ಮೇಲಾದರೂ, ತಿಳಿದವರ ಮನಸ್ಸಿಗೆ ಕಿರಿಕಿರಿಯಾಗದಿದ್ದರೆ ದೋಷವಲ್ಲ. ಕಿರಿಕಿರಿ ಆಯಿತೇ ಅಂತ ಓದುವವರನ್ನು ಕೇಳಬೇಕು, ನಿಯಮವನ್ನಲ್ಲ. ನನಗಂತೂ ಆ ತಾತ ಹುಳುವಾಗಿ ಚಿಕ್ಕವರಾದರು ಅನ್ನಿಸಲಿಲ್ಲ.

ಅಕ್ಕಮಹಾದೇವಿಯೂ ರೇಷ್ಮೆ ಹುಳುವನ್ನೇ ತಂದಳಲ್ಲ. ತೆರಣಿಯ ಹುಳು ತನ್ನ ಸ್ನೇಹದಿಂದ ಮನೆಯ ಮಾಡಿ, ತನ್ನ ನೂಲು ತನ್ನನೇ ಸುತ್ತಿ ಸಾಯುತ್ತದೆ ಎಂದಳು. ಅಲ್ಲಿ ‘ತೆರನಂತೆ’ ಎಂದಿರುವುದರಿಂದ ವ್ಯಾಕರಣಕ್ಕೆ ಅದು ಉಪಮೆ. ಅದರಿಂದ ಏನು ಕಮ್ಮಿಯಾಯಿತು? ‘ಅಂತೆ’ ಕಿತ್ತರೆ ರೂಪಕ, ರೂಪಕ ಮೇಲು ಎನ್ನುವ ಲೆಕ್ಕ ಮಕ್ಕಳ ತಲೆಗೆ ಹಾಕಬೇಡಿ. ನಿಮ್ಮ ಮಕ್ಕಳು ದಿನಾ ನೋಡುವ ಹುಳು ಅದು, ಈ ವಚನವನ್ನು ಅವರಿಗೆ ಓದಿ ಹೇಳಿ. ಹುಳು ಎರಡು ಮೂರು ದಿನ ತಲೆಯನ್ನು ಅತ್ತ ಇತ್ತ ಆಡಿಸುತ್ತಾ ನೂಲು ಸುತ್ತುವುದನ್ನು ಕಂಡವರಿಗೆ ಟಿಪ್ಪಣಿ ಬೇಕಿಲ್ಲ.

ಬಸವಣ್ಣನವರ ‘ಎನ್ನ ಕಾಲೇ ಕಂಬ, ದೇಹವೇ ದೇಗುಲ, ಶಿರವೇ ಹೊನ್ನ ಕಳಸವಯ್ಯಾ’ ಎನ್ನುವುದನ್ನೂ ತೆಗೆದುಕೊಳ್ಳಿ. ಸಾಮಾನ್ಯವಾಗಿ ಈ ಸಾಲನ್ನಷ್ಟೇ ಕಿತ್ತು ಬೋರ್ಡ್ ಮೇಲೆ ಬರೆಯುತ್ತಾರೆ. ಅದರ ಹಿಂದಿನ ಸಾಲು ಬಿಟ್ಟರೆ ಕೆಲಸ ಕೆಟ್ಟಿತು. ಉಳ್ಳವರು ಶಿವಾಲಯ ಮಾಡುವರು, ನಾನೇನ ಮಾಡುವೆ, ಬಡವನಯ್ಯಾ. ದುಡ್ಡಿಲ್ಲ, ಆದರೆ ಗುಡಿ ಬೇಕು. ಆ ಇಕ್ಕಟ್ಟಿನಲ್ಲಿ ಬಂದ ರೂಪಕ ಅದು, ಚೆಂದಕ್ಕೆ ಅಂಟಿಸಿದ್ದಲ್ಲ. ಇನ್ನೊಂದು, ಭಾಗಗಳು ಎಷ್ಟು ಸರಿಯಾಗಿ ಕೂತಿವೆ ನೋಡಿ. ಕಾಲು ಕೆಳಗೆ, ಕಂಬವೂ ಕೆಳಗೆ. ತಲೆ ಮೇಲೆ, ಕಳಸವೂ ಮೇಲೆ. ಮೂರಕ್ಕೆ ನಿಲ್ಲಿಸಿದರು. ಕೈ ಏನು, ಕಿವಿ ಏನು ಅಂತ ಮುಂದುವರಿಸಲಿಲ್ಲ.

ಈ ನಿಲ್ಲಿಸುವುದು ಮಕ್ಕಳಿಗೆ ಕಷ್ಟ. ಒಂದು ಹೋಲಿಕೆ ಸಿಕ್ಕಿದರೆ ಅದನ್ನು ಹಿಂಡಿ ಹಿಪ್ಪೆ ಮಾಡುತ್ತಾರೆ. ಇನ್ನು ಕೆಲವರು ಒಂದೇ ಸಾಲಿನಲ್ಲಿ ಮೂರು ತರುತ್ತಾರೆ. ‘ಕೋಪದ ಬೆಂಕಿ ಹೊಳೆಯಾಗಿ ಅರಳಿತು’ ಎಂದು ಒಬ್ಬ ಏಳನೇ ತರಗತಿಯವನು ಬರೆದಿದ್ದ. ವಿವರಿಸಲು ಹೋಗಬೇಡಿ. ಚಿತ್ರ ಬರಿ ಅನ್ನಿ. ಬೆಂಕಿ ಬರೆದ, ಹೊಳೆ ಬರೆದ, ಅರಳಿಸುವುದು ಹೇಗೆ ಅಂತ ಗೊತ್ತಾಗದೆ ತಾನೇ ನಕ್ಕು ಅಳಿಸಿದ. ಚಿತ್ರ ಬಿಡಿಸಲಾಗದ ರೂಪಕ ಎಲ್ಲವೂ ಕೆಟ್ಟದ್ದೇನಲ್ಲ, ಆದರೆ ಈ ವಯಸ್ಸಿಗೆ ಇದು ಒಳ್ಳೆಯ ಜರಡಿ.

ವಯಸ್ಸಿನ ಮಾತು ಬಂತಲ್ಲ, ಕೆಳಗಿನ ತರಗತಿಗೂ ಇದನ್ನು ಮಾಡಿಸುವುದಾದರೆ ಒಂದು ವಿಷಯ ತಿಳಿದಿರಲಿ. 1976ರಲ್ಲಿ ಅಮೆರಿಕದ ಎಲೆನ್ ವಿನ್ನರ್, ಹೊವರ್ಡ್ ಗಾರ್ಡ್ನರ್ ಮತ್ತು ಸಂಗಡಿಗರು ಒಂದು ಅಧ್ಯಯನ ಪ್ರಕಟಿಸಿದರು. ವರ್ಷಗಟ್ಟಲೆ ಜೈಲಿನಲ್ಲಿ ಕೆಲಸ ಮಾಡಿ ಕಾವಲುಗಾರ ಅಲ್ಲಾಡಿಸಲಾಗದ ಗಟ್ಟಿ ಬಂಡೆಯಾಗಿದ್ದ ಎನ್ನುವ ಅರ್ಥದ ವಾಕ್ಯ ಕೊಟ್ಟು, ಹಾಗೆಂದರೇನು ಅಂತ ಮಕ್ಕಳನ್ನು ಕೇಳಿದರು. ಆರೇಳು ವರ್ಷದವರಲ್ಲಿ ಕೆಲವರು ಅವನು ನಿಜವಾಗಲೂ ಕಲ್ಲಾದ ಎಂದರು, ಕೆಲವರು ಕಲ್ಲುಗೋಡೆಯ ಜೈಲಿನಲ್ಲಿದ್ದ ಎಂದರು. ಎಂಟರ ಹೊತ್ತಿಗೆ ಅವನ ಮೈ ಗಟ್ಟಿ ಎನ್ನುವ ಉತ್ತರ ಬಂತು. ಮನಸ್ಸು ಕಲ್ಲಾಯಿತು ಎನ್ನುವುದು ಸುಮಾರು ಹತ್ತರ ಮೇಲೆ. ಹಾಗಾಗಿ ಮೂರನೇ ತರಗತಿಯವರಿಗೆ ಕಣ್ಣಿಗೆ ಕಾಣುವ, ಕಿವಿಗೆ ಕೇಳುವ ಹೋಲಿಕೆ ಸಾಕು. ಕೋಪ, ದುಃಖ, ನಾಚಿಕೆಗೆ ಉಪಮಾನ ಹುಡುಕುವ ಕೆಲಸ ನಿಮ್ಮ ಆರು, ಏಳನೆಯವರಿಗೆ ಸರಿಹೊಂದುತ್ತದೆ.

ನಿಮ್ಮ ಕಡೆ ಮನೆಯಲ್ಲಿ ತೆಲುಗು ಆಡುವ ಮಕ್ಕಳು, ಉರ್ದು ಆಡುವ ಮಕ್ಕಳು ಜಾಸ್ತಿ ಇರುತ್ತಾರೆ. ಅವರ ರೂಪಕ ಮೊದಲು ಮನೆಮಾತಿನಲ್ಲೇ ಬರಲಿ. ಅಮ್ಮ ಬೈಯುವಾಗ ಏನಂತಾರೆ, ಮುದ್ದು ಮಾಡುವಾಗ ಏನಂತಾರೆ ಅಂತ ಕೇಳಿ. ಬೈಗುಳದಲ್ಲಿ ಇರುವಷ್ಟು ರೂಪಕ ಪಠ್ಯಪುಸ್ತಕದಲ್ಲಿ ಇಲ್ಲ. ತರಗತಿಗೆ ತರಬಹುದಾದ್ದನ್ನು ಮಾತ್ರ ತನ್ನಿ ಅಂತ ಮೊದಲೇ ಹೇಳಿಬಿಡಿ, ಇಲ್ಲದಿದ್ದರೆ ಮುಖ್ಯೋಪಾಧ್ಯಾಯರಿಗೆ ನೀವು ಉತ್ತರ ಹೇಳಬೇಕಾದೀತು.

ತಿದ್ದುವಾಗ ಕೆಂಪು ಪೆನ್ನು ಬೇಡ, ನನ್ನ ಅನುಭವ ಮೇಲೆ ಹೇಳಿದೆ. ಅಂಚಿನಲ್ಲಿ ‘ಯಾಕೆ?’ ಅಂತ ಪೆನ್ಸಿಲ್‌ನಲ್ಲಿ ಬರೆಯಿರಿ. ಮಗು ಉತ್ತರ ಕೊಟ್ಟರೆ ಆ ಉತ್ತರವನ್ನೇ ಸಾಲಿಗೆ ಸೇರಿಸಲು ಹೇಳಿ. ಉತ್ತರ ಇಲ್ಲದಿದ್ದರೆ ಮಗು ತಾನಾಗಿಯೇ ಆ ಸಾಲನ್ನು ಬಿಡುತ್ತದೆ.

ಇನ್ನು ಪರೀಕ್ಷೆ. ಮುಖಕಮಲ ಬಂದೇ ಬರುತ್ತದೆ, ಅದನ್ನು ತಪ್ಪಿಸಲು ಆಗದು. ಅದಕ್ಕೆ ಕೊನೆಗೆ ಒಂದು ಪೀರಿಯಡ್ ಇಟ್ಟುಕೊಳ್ಳಿ. ಮಕ್ಕಳು ತಾವೇ ಬರೆದದ್ದನ್ನು ತುಂಡು ಮಾಡಲಿ. ಉಪಮೇಯ ತಂಗಿ, ಉಪಮಾನ ಉತ್ತರಾಣಿ, ಸಮಾನ ಧರ್ಮ ಲಂಗ ಬಿಡದೇ ಇರುವುದು, ವಾಚಕ ಪದ ಇಲ್ಲ, ಆದ್ದರಿಂದ ರೂಪಕ. ಅದು ಆದ ಮೇಲೆ ಸೀತೆಯ ಮುಖಕ್ಕೆ ಹೋಗಿ, ಐದು ನಿಮಿಷ ಸಾಕು.